ಮೆಟ್ಟಿಲು ಇಳಿಯುವಾಗ ಮಾತ್ರ ಎರಡೆರಡು ಕಾಣುವುದೇಕೆ? ನಾಲ್ಕನೆಯ ಕಪಾಲ ನರದ ಬಗ್ಗೆ ತಿಳಿದವರು ವಿವರಿಸಬೇಕು

ಪ್ರಶ್ನೆ: ಅಡಿಕೆತೋಟ

ನಮಸ್ಕಾರ. ನನ್ನ ತಂದೆಯವರಿಗೆ 61 ವರ್ಷ. ಏಳು ವಾರಗಳ ಹಿಂದೆ ಪೇಟೆಯಿಂದ ಬರುವಾಗ ಸ್ಕೂಟರ್ ಜಾರಿ ಬಿದ್ದು ಹಣೆಗೆ ಪೆಟ್ಟಾಯಿತು. ಸ್ಕ್ಯಾನಿಂಗ್‌ನಲ್ಲಿ ರಕ್ತಸ್ರಾವವೇನೂ ಕಾಣಲಿಲ್ಲವಾದ್ದರಿಂದ ಎರಡು ದಿನ ಇಟ್ಟುಕೊಂಡು ಮನೆಗೆ ಕಳುಹಿಸಿದರು. ಗಾಯ ಮಾಯುತ್ತ ಬಂದಂತೆ ಅವರು ಒಂದು ವಿಚಿತ್ರವಾದ ತೊಂದರೆಯನ್ನು ಹೇಳತೊಡಗಿದರು. ಅಂಗಳದಲ್ಲಿ ನಿಂತು ಎದುರಿನ ಮರಗಳನ್ನು ನೋಡಿದರೆ ಎಲ್ಲವೂ ಒಂದೊಂದಾಗಿಯೇ ಕಾಣುತ್ತವೆ. ಆದರೆ ಅಟ್ಟದ ಮೆಟ್ಟಿಲು ಇಳಿಯುವಾಗ ಪ್ರತಿ ಮೆಟ್ಟಿಲಿನ ಕೆಳಗೂ ತುಸು ಓರೆಯಾದ ಇನ್ನೊಂದು ಮೆಟ್ಟಿಲು ಕಾಣುತ್ತದೆ, ಪತ್ರಿಕೆ ಹಿಡಿದರೆ ಸಾಲಿನ ಮೇಲೆ ಸಾಲು ಏರುತ್ತದೆ. ಯಾವುದಾದರೊಂದು ಕಣ್ಣು ಮುಚ್ಚಿದರೆ ತೊಂದರೆ ಮಾಯ. ಈಗೀಗ ಅವರು ತಲೆಯನ್ನು ಸದಾ ಎಡಹೆಗಲಿನ ಕಡೆಗೆ ವಾಲಿಸಿಕೊಂಡೇ ಇರುತ್ತಾರೆ. ನೋಡಿದ ನೆಂಟರೆಲ್ಲ ಕತ್ತು ಉಳುಕಿದೆ, ಎಣ್ಣೆ ಹಚ್ಚಿ ನೀವಿಸಿ ಎನ್ನುತ್ತಿದ್ದಾರೆ.

ಕಣ್ಣಿನ ವೈದ್ಯರು ಪರೀಕ್ಷಿಸಿ, ಬಲಗಣ್ಣಿನ ನಾಲ್ಕನೆಯ ನರ ದುರ್ಬಲವಾಗಿದೆ, ಕೆಲವು ತಿಂಗಳು ಕಾಯೋಣ ಎಂದಿದ್ದಾರೆ. ಅವರ ಮೇಲೆ ನಂಬಿಕೆ ಇದೆ. ನನಗೆ ಬೇಕಿರುವುದು ತಿಳಿವಳಿಕೆ ಮಾತ್ರ. ಕಣ್ಣಿನ ಗುಡ್ಡೆ ನೋಡಲು ನೆಟ್ಟಗೇ ಇರುವಾಗ ಎರಡು ಕಾಣುವುದೇಕೆ? ಕಣ್ಣಿಗೆ ಬಂದ ತೊಂದರೆಗೆ ಕತ್ತು ಏಕೆ ವಾಲಬೇಕು? ಇನ್ನೊಂದು ಗೊಂದಲವೂ ಇದೆ. ನರ್ಸಿಂಗ್ ಓದುತ್ತಿರುವ ನನ್ನ ತಂಗಿಯ ಮಗಳ ಪುಸ್ತಕದಲ್ಲಿ, ಈ ನರ ನಡೆಸುವ ಸ್ನಾಯು ಕಣ್ಣನ್ನು ಕೆಳಕ್ಕೆ ಮತ್ತು ಹೊರಕ್ಕೆ ತಿರುಗಿಸುತ್ತದೆ ಎಂದಿದೆ. ವೈದ್ಯರಾದರೋ ಬಲಗಣ್ಣನ್ನು ಮೂಗಿನ ಕಡೆಗೆ ತಿರುಗಿಸಿ ಕೆಳಗೆ ನೋಡುವಂತೆ ಹೇಳಿ ಪರೀಕ್ಷಿಸಿದರು. ಎರಡರಲ್ಲಿ ಯಾವುದು ಸರಿ?

ಉತ್ತರ: ನೇತ್ರವೈದ್ಯೆ

ಎರಡೂ ಸರಿ. ಈ ಕೊನೆಯ ಪ್ರಶ್ನೆಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳೂ ವರ್ಷಗಟ್ಟಲೆ ಎಡವುತ್ತಾರೆ, ಆದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಬಿಡಿಸಿಕೊಂಡರೆ ಉಳಿದ ಗಂಟುಗಳು ಅರ್ಧ ಸಡಿಲವಾಗುತ್ತವೆ.

ಮಿದುಳಿನಿಂದ ನೇರವಾಗಿ ಹೊರಡುವ ನರಗಳಿಗೆ ಕಪಾಲ ನರಗಳೆಂದು ಹೆಸರು, ಅವನ್ನು ಸಂಖ್ಯೆಯಿಂದ ಗುರುತಿಸುತ್ತೇವೆ. ಪ್ರತಿ ಕಣ್ಣನ್ನೂ ಆರು ಸ್ನಾಯುಗಳು ತಿರುಗಿಸುತ್ತವೆ. ಮೇಲೆ, ಕೆಳಗೆ, ಮೂಗಿನ ಕಡೆ, ಕಿವಿಯ ಕಡೆ ಒಂದೊಂದರಂತೆ ನಾಲ್ಕು ನೇರ ಸ್ನಾಯುಗಳು. ಇವಲ್ಲದೆ ಮೇಲಿನ ಓರೆ ಸ್ನಾಯು, ಕೆಳಗಿನ ಓರೆ ಸ್ನಾಯು ಎಂಬ ಎರಡು. ಇವುಗಳಲ್ಲಿ ಕಿವಿಯ ಕಡೆಗೆ ಎಳೆಯುವ ನೇರ ಸ್ನಾಯುವಿಗೆ ಆರನೆಯ ನರ, ಮೇಲಿನ ಓರೆ ಸ್ನಾಯುವಿಗೆ ನಾಲ್ಕನೆಯ ನರ, ಮಿಕ್ಕ ನಾಲ್ಕಕ್ಕೂ ಮೂರನೆಯ ನರ. ನಾವು ಓದುವಾಗ ಇದನ್ನು ‘ಎಲ್‌ಆರ್ ಆರು, ಎಸ್‌ಒ ನಾಲ್ಕು’ ಎಂದು ಬಾಯಿಪಾಠ ಮಾಡಿದ್ದೆವು; ಎಲ್‌ಆರ್ ಎಂದರೆ ಕಿವಿಯ ಕಡೆಯ ನೇರ ಸ್ನಾಯು, ಎಸ್‌ಒ ಎಂದರೆ ಮೇಲಿನ ಓರೆ ಸ್ನಾಯು.

ನಿಮ್ಮ ತಂದೆಯವರ ತೊಂದರೆ ಇರುವುದು ಮೇಲಿನ ಓರೆ ಸ್ನಾಯುವಿನಲ್ಲಿ. ಅದು ಕಣ್ಣುಕುಳಿಯ ಹಿಂತುದಿಯಲ್ಲಿ ಹುಟ್ಟಿ, ಮೂಗಿನ ಪಕ್ಕದ ಗೋಡೆಯನ್ನು ಅನುಸರಿಸಿ ಮುಂದಕ್ಕೆ ಬಂದು, ಹುಬ್ಬಿನ ಒಳತುದಿಯ ಹಿಂದೆ ಇರುವ ಮೆಲ್ಲೆಲುಬಿನ ಒಂದು ಪುಟ್ಟ ಬಳೆಯೊಳಗೆ ನುಸುಳಿ, ಅಲ್ಲಿಂದ ಚೂಪಾಗಿ ತಿರುಗಿ ಹಿಂದಕ್ಕೂ ಹೊರಕ್ಕೂ ಹೋಗಿ ಗುಡ್ಡೆಯ ಮೇಲ್ಭಾಗದಲ್ಲಿ, ನಡುಗೆರೆಗಿಂತ ಹಿಂದೆ ಅಂಟಿಕೊಳ್ಳುತ್ತದೆ. ಆ ಬಳೆಯ ಹೆಸರು ಟ್ರಾಕ್ಲಿಯಾ, ಎಂದರೆ ರಾಟೆ. ನಾಲ್ಕನೆಯ ನರಕ್ಕೆ ಟ್ರಾಕ್ಲಿಯರ್ ಎಂಬ ಹೆಸರು ಬಂದಿರುವುದು ಇದರಿಂದಲೇ. ಬಾವಿಯಲ್ಲಿ ನೀರು ಸೇದುವುದನ್ನು ನೆನೆಸಿಕೊಳ್ಳಿ. ಹಗ್ಗ ಎಳೆಯುವವರು ಎಲ್ಲಿಯೇ ನಿಂತಿರಲಿ, ಕೊಡ ಬರುವುದು ರಾಟೆಯ ಕಡೆಗೆ. ಹಾಗೆಯೇ ಸ್ನಾಯುವಿನ ಒಡಲು ಕುಳಿಯ ಹಿಂದೆ ಇದ್ದರೂ ಗುಡ್ಡೆಯ ಪಾಲಿಗೆ ಎಳೆತ ಬರುವುದು ಮುಂದಿನಿಂದ, ಮೂಗಿನ ಬದಿಯ ಮೇಲ್ಮೂಲೆಯಿಂದ. ಗುಡ್ಡೆಯ ಹಿಂಭಾಗ ಹೀಗೆ ಮೇಲಕ್ಕೂ ಒಳಕ್ಕೂ ಎಳೆಯಲ್ಪಟ್ಟರೆ ಅದರ ಮುಂಭಾಗದಲ್ಲಿರುವ ಪಾಪೆ ಕೆಳಕ್ಕೂ ಹೊರಕ್ಕೂ ಹೋಗಲೇಬೇಕು. ನಿಮ್ಮ ತಂಗಿಯ ಮಗಳ ಪುಸ್ತಕ ಹೇಳುತ್ತಿರುವುದು ಇದನ್ನು. ಇದರ ಜೊತೆಗೆ ಈ ಸ್ನಾಯು ಗುಡ್ಡೆಯ ಮೇಲ್ಭಾಗವನ್ನು ಮೂಗಿನ ಕಡೆಗೆ, ಚಕ್ರ ತಿರುಗಿದಂತೆ ತಿರುಚುತ್ತದೆ. ನಿಜವಾಗಿ, ನೆಟ್ಟನೆ ನೋಡುವಾಗ ಅದರ ಮುಖ್ಯ ಕೆಲಸವೇ ಈ ತಿರುಚುವಿಕೆ.

ಆದರೆ ವೈದ್ಯರಿಗೆ ಬೇಕಿರುವುದು ಈ ಸ್ನಾಯುವಿನ ಬಲವೊಂದನ್ನೇ ಬೇರ್ಪಡಿಸಿ ನೋಡುವುದು. ಕಣ್ಣನ್ನು ಕೆಳಗಿಳಿಸುವ ಸ್ನಾಯುಗಳು ಎರಡಿವೆ: ಕೆಳಗಿನ ನೇರ ಸ್ನಾಯು ಮತ್ತು ಮೇಲಿನ ಓರೆ ಸ್ನಾಯು. ರಾಟೆಯಿಂದ ಬರುವ ಹುರಿ ನೇರ ನೋಟದ ಗೆರೆಗೆ ಸುಮಾರು 51 ಡಿಗ್ರಿ ಓರೆಯಾಗಿದೆ. ಕಣ್ಣು ಮೂಗಿನ ಕಡೆಗೆ ತಿರುಗಿದಷ್ಟೂ ನೋಟದ ಗೆರೆ ಆ ಹುರಿಯೊಂದಿಗೆ ಸಾಲುಗೂಡುತ್ತ ಬರುತ್ತದೆ, ಆಗ ಅದರ ಎಳೆತವೆಲ್ಲ ಕೆಳಗಿಳಿಸುವುದಕ್ಕೇ ಸಲ್ಲುತ್ತದೆ, ಕೆಳಗಿನ ನೇರ ಸ್ನಾಯುವಿನ ಇಳಿಸುವ ಬಲವೋ ಅದೇ ಹೊತ್ತಿಗೆ ಕುಗ್ಗುತ್ತದೆ. ಕಣ್ಣು ಕಿವಿಯ ಕಡೆಗೆ ತಿರುಗಿದರೆ ಲೆಕ್ಕ ತಿರುವುಮುರುವು. ಹೀಗಾಗಿ ಮೂಗಿನ ಕಡೆಗೆ ತಿರುಗಿದ ಕಣ್ಣನ್ನು ಕೆಳಗಿಳಿಸುವ ಭಾರ ಬಹುಪಾಲು ಓರೆ ಸ್ನಾಯುವಿನ ಮೇಲೆಯೇ ಬೀಳುತ್ತದೆ. ಸ್ನಾಯು ಒಂಟಿಯಾಗಿದ್ದರೆ ಏನು ಮಾಡುತ್ತದೆ ಎನ್ನುವುದು ಒಂದು ಪ್ರಶ್ನೆ, ಅದನ್ನು ಪರೀಕ್ಷಿಸುವುದೆಲ್ಲಿ ಎನ್ನುವುದು ಬೇರೆಯೇ ಪ್ರಶ್ನೆ. ಪುಸ್ತಕ ಉತ್ತರಿಸಿದ್ದು ಮೊದಲನೆಯದಕ್ಕೆ, ನಿಮ್ಮ ವೈದ್ಯರು ಎರಡನೆಯದಕ್ಕೆ.

ಈಗ ಪತ್ರಿಕೆಯನ್ನು ನೋಡಿ. ಓದುವಾಗ ಎರಡೂ ಕಣ್ಣುಗಳು ಕೆಳಗಿಳಿದು ಮೂಗಿನ ಕಡೆಗೆ ಕೂಡಿಕೊಳ್ಳುತ್ತವೆ, ಎಂದರೆ ಸರಿಯಾಗಿ ಈ ಸ್ನಾಯು ಬೇಕಾದ ಜಾಗಕ್ಕೇ ಬರುತ್ತವೆ. ಮೆಟ್ಟಿಲಿನಲ್ಲಿಯೂ ನೋಟ ಕೆಳಗೆ. ಎದುರಿನ ಮರ ನೋಡುವಾಗ ಅದರ ಅಗತ್ಯ ಕಡಿಮೆ, ಉಳಿದ ಕೊರತೆಯನ್ನು ಮಿದುಳು ಹೇಗೋ ತುಂಬಿಕೊಳ್ಳುತ್ತದೆ. ಗುಡ್ಡೆ ನೆಟ್ಟಗೇ ಇದೆ ಎಂದಿರಿ. ಎರಡು ಕಣ್ಣುಗಳ ನಡುವೆ ಒಂದೆರಡು ಡಿಗ್ರಿ ಹೆಚ್ಚುಕಮ್ಮಿಯಾದರೆ ಎದುರಿಗಿರುವವರಿಗೆ ಅದು ಗೊತ್ತಾಗುವುದಿಲ್ಲ, ಆದರೆ ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಬೇಕಾದ ಮಿದುಳಿಗೆ ಅಷ್ಟೇ ಸಾಕು. ಮೇಲೆ-ಕೆಳಗಿನ ವ್ಯತ್ಯಾಸವನ್ನಂತೂ ಅದು ತೀರ ಸ್ವಲ್ಪವೇ ಸಹಿಸಿಕೊಳ್ಳುತ್ತದೆ.

ಕತ್ತಿನ ವಿಷಯ ಇನ್ನೂ ಸ್ವಾರಸ್ಯವಾದದ್ದು. ನಾವು ತಲೆಯನ್ನು ಬಲಹೆಗಲಿಗೆ ವಾಲಿಸಿದಾಗ, ಒಳಗಿವಿಯಿಂದ ಹೊರಟ ಸುದ್ದಿಯ ಮೇರೆಗೆ, ಎರಡೂ ಗುಡ್ಡೆಗಳು ತುಸು ಎಡಕ್ಕೆ ತಿರುಚಿಕೊಳ್ಳುತ್ತವೆ. ಮೊಬೈಲ್‌ನಲ್ಲಿ ನಿಮ್ಮ ಕಣ್ಣನ್ನು ಹತ್ತಿರದಿಂದ ಚಿತ್ರೀಕರಿಸುತ್ತ ತಲೆ ವಾಲಿಸಿ ನೋಡಿ. ಬಿಳಿಗುಡ್ಡೆಯ ಮೇಲಿನ ಕೆಂಪು ಎಳೆಗಳು ತಲೆ ವಾಲಿದಷ್ಟು ವಾಲದೆ ಹಿಂದುಳಿಯುವುದು ಕಾಣುತ್ತದೆ. ಬಲಗಣ್ಣಿನಲ್ಲಿ ಈ ಕೆಲಸವನ್ನು ಮೇಲಿನ ಓರೆ ಸ್ನಾಯು ಮತ್ತು ಮೇಲಿನ ನೇರ ಸ್ನಾಯು ಕೂಡಿ ಮಾಡುತ್ತವೆ. ಒಂದಕ್ಕೆ ಕಣ್ಣನ್ನು ಇಳಿಸುವ ಗುಣ, ಇನ್ನೊಂದಕ್ಕೆ ಏರಿಸುವ ಗುಣ. ಎರಡೂ ಒಂದನ್ನೊಂದು ವಜಾ ಮಾಡಿಕೊಂಡು ತಿರುಚುವಿಕೆ ಮಾತ್ರ ಉಳಿಯುತ್ತದೆ. ಓರೆ ಸ್ನಾಯು ಸೋತಿದ್ದರೆ ಮೇಲಿನ ನೇರ ಸ್ನಾಯು ತಡೆಯುವವರಿಲ್ಲದೆ ಕಣ್ಣನ್ನು ಮೇಲೆತ್ತಿಬಿಡುತ್ತದೆ, ಚಿತ್ರಗಳು ಇನ್ನಷ್ಟು ದೂರವಾಗುತ್ತವೆ. ಆದ್ದರಿಂದಲೇ ನಿಮ್ಮ ತಂದೆಯವರು ಬಲಕ್ಕೆ ವಾಲುವುದನ್ನು ತಪ್ಪಿಸಿ ಎಡಕ್ಕೆ ವಾಲುತ್ತಿದ್ದಾರೆ. ಬೇಕೆಂದೇ ಎರಡೂ ಕಡೆಗೆ ವಾಲಿಸಿ ಕಣ್ಣಿನ ಎತ್ತರವನ್ನು ಅಳೆಯುವ ಪರೀಕ್ಷೆಗೆ ಜರ್ಮನಿಯ ನೇತ್ರತಜ್ಞ ಆಲ್ಫ್ರೆಡ್ ಬೀಲ್ಶೋವ್ಸ್ಕಿಯ ಹೆಸರಿದೆ. ದಯವಿಟ್ಟು ಕತ್ತನ್ನು ನೀವಿಸಿ ನೆಟ್ಟಗೆ ಮಾಡಿಸಲು ಹೋಗಬೇಡಿ. ಆ ವಾಲುವಿಕೆ ರೋಗವಲ್ಲ, ಎರಡು ಚಿತ್ರಗಳನ್ನು ಒಂದಾಗಿಸಲು ಅವರ ಮಿದುಳು ಕಂಡುಕೊಂಡಿರುವ ಉಪಾಯ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಉದ್ದನೆಯ ಕೋಲೊಂದನ್ನು ಅವರ ಮುಂದೆ ನೆಲದ ಮೇಲೆ ಅಡ್ಡಲಾಗಿ ಇಡಿ. ತಲೆ ನೆಟ್ಟಗಿಟ್ಟು ನೋಡಿದಾಗ ಏನು ಕಾಣುತ್ತದೆ ಎಂದು ಅವರಿಂದಲೇ ಕೇಳಿ ಇಲ್ಲಿ ಬರೆಯಿರಿ. ಹಳೆಯ ಫೋಟೋಗಳಿದ್ದರೆ ಅವನ್ನೂ ತೆಗೆದು ನೋಡಿ; ಹುಟ್ಟಿನಿಂದಲೇ ಈ ಸ್ನಾಯು ದುರ್ಬಲವಾಗಿದ್ದು, ದಶಕಗಳ ಕಾಲ ಸರಿದೂಗಿಸಿಕೊಂಡು ಬಂದವರಲ್ಲಿ ಬಾಲ್ಯದ ಚಿತ್ರದಲ್ಲಿಯೇ ತಲೆ ವಾಲಿರುತ್ತದೆ.

ಉತ್ತರ: ಆರನೇನರ

ನಾನು ವೈದ್ಯನಲ್ಲ, ಅನುಭವಿಸಿದವನು. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆಯಿಂದಾಗಿ ನನ್ನ ಎಡಗಣ್ಣಿನ ಆರನೆಯ ನರ ಕೈಕೊಟ್ಟಿತ್ತು. ನಿಮ್ಮ ತಂದೆಯವರಿಗೆ ಮೇಲೆ-ಕೆಳಗೆ ಕಾಣುವುದು ನನಗೆ ಅಕ್ಕಪಕ್ಕ ಕಾಣುತ್ತಿತ್ತು, ಅದೂ ದೂರದ್ದು ಮಾತ್ರ. ಕೈಯಲ್ಲಿದ್ದ ಮೊಬೈಲ್ ಒಂದೇ, ನಿಲ್ದಾಣಕ್ಕೆ ಬರುತ್ತಿದ್ದ ಬಸ್ಸು ಮಾತ್ರ ಎರಡು. ಹತ್ತಿರ ನೋಡುವಾಗ ಕಣ್ಣುಗಳು ಹೇಗಿದ್ದರೂ ಒಳಕ್ಕೆ ಕೂಡುತ್ತವೆ, ಹೊರಕ್ಕೆ ಎಳೆಯುವ ಸ್ನಾಯುವಿಗೆ ಅಲ್ಲಿ ಕೆಲಸವಿಲ್ಲ ಎಂದು ವೈದ್ಯರು ಹೇಳಿದ್ದರು. ನಾನು ತಲೆ ವಾಲಿಸುತ್ತಿರಲಿಲ್ಲ, ಮುಖವನ್ನೇ ಎಡಕ್ಕೆ ತಿರುಗಿಸಿಕೊಂಡು ಕಣ್ಣಂಚಿನಿಂದ ನೋಡುತ್ತಿದ್ದೆ. ಇದನ್ನು ಬಿಂಕವೆಂದು ತಿಳಿದವರೂ ಇದ್ದರು. ಕನ್ನಡಕದ ಎಡಗಾಜಿಗೆ ಬಿಳಿ ಟೇಪು ಅಂಟಿಸಿಕೊಂಡು ಕಾಲ ಕಳೆದೆ. ಹನ್ನೊಂದನೆಯ ವಾರದ ಹೊತ್ತಿಗೆ ಎಲ್ಲವೂ ಒಂದಾಯಿತು. ಅಷ್ಟರವರೆಗೆ ಅವರಿಗೆ ಸ್ಕೂಟರ್ ಕೊಡಬೇಡಿ. ಬಲಗಣ್ಣಿನ ನರ ಎಂದರೆ ಮಿದುಳಿನ ಬಲಬದಿಗೆ ಪೆಟ್ಟು ಬಿದ್ದಿದೆ ಎಂದರ್ಥ, ಆ ಬದಿಯನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡಿಸುವುದು ಒಳ್ಳೆಯದೇನೋ.

ಉತ್ತರ: ಅಂಗರಚನಾ ಮೇಷ್ಟ್ರು

ಆರನೇನರ ಅವರ ಕೊನೆಯ ಮಾತನ್ನು ತಿದ್ದಬೇಕಾಗಿದೆ, ಏಕೆಂದರೆ ಈ ನರದ ವಿಷಯದಲ್ಲಿ ಆ ಊಹೆ ನಿಲ್ಲುವುದಿಲ್ಲ. ಹನ್ನೆರಡು ಜೊತೆ ಕಪಾಲ ನರಗಳಲ್ಲಿ ಮಿದುಳಕಾಂಡದ, ಎಂದರೆ ಮಿದುಳನ್ನು ಬೆನ್ನುಹುರಿಗೆ ಜೋಡಿಸುವ ಭಾಗದ, ಬೆನ್ನಿನ ಕಡೆಯಿಂದ ಹೊರಬರುವುದು ನಾಲ್ಕನೆಯದೊಂದೇ. ಹೊರಬರುವ ಮುನ್ನ ಅದು ಎದುರುಬದಿಯ ಜೊತೆಗಾರನನ್ನು ದಾಟಿ ಬದಿ ಬದಲಿಸುತ್ತದೆ. ಆದ್ದರಿಂದ ಬಲಗಣ್ಣಿನ ಓರೆ ಸ್ನಾಯುವನ್ನು ಆಳುವ ನರಕೋಶಗಳ ಗುಂಪು ಮಿದುಳಕಾಂಡದ ಎಡಬದಿಯಲ್ಲಿದೆ. ದಾಟಿದ ಮೇಲೆ ನರ ಮಿದುಳಕಾಂಡವನ್ನು ಬಳಸಿ ಮುಂದಕ್ಕೆ ಬರುತ್ತದೆ. ತಲೆಬುರುಡೆಯೊಳಗೆ ಅದರ ದಾರಿ ಸುಮಾರು 7.5 ಸೆಂಟಿಮೀಟರ್. ಅತ್ಯಂತ ತೆಳ್ಳಗಿನ ಕಪಾಲ ನರ, ಬುರುಡೆಯೊಳಗೆ ಅತ್ಯಂತ ಉದ್ದದ ದಾರಿ, ಸಾಲದ್ದಕ್ಕೆ ಆ ದಾರಿಯಲ್ಲಿ ಟೆಂಟೋರಿಯಂ ಎಂಬ ಬಿಗಿಪೊರೆಯ ಗಟ್ಟಿ ಅಂಚು. ಹಣೆಗೆ ಪೆಟ್ಟು ಬಿದ್ದು ಮಿದುಳು ಒಮ್ಮೆ ಹಿಂದೆ ಮುಂದೆ ಜೋಲಿ ಹೊಡೆದರೆ, ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ಈ ಎಳೆಯಂಥ ನರ ನಲುಗುತ್ತದೆ. ಎರಡು ನರಗಳೂ ದಾಟುವ ಜಾಗದಲ್ಲಿಯೇ ಪೆಟ್ಟಾದರೆ ಎರಡು ಕಣ್ಣೂ ಸೋಲಬಹುದು, ಹೆಚ್ಚು ಸೋತದ್ದು ಕಡಿಮೆ ಸೋತದ್ದನ್ನು ಮರೆಮಾಚಬಹುದು.

ರಾಟೆಯ ಮಾತು ಬಂದುದರಿಂದ ಒಂದು ಹಳೆಯ ಸಂಗತಿ. ಅದನ್ನು ಮೊದಲು ಸರಿಯಾಗಿ ವಿವರಿಸಿದವನೆಂದು ಹೆಸರಾದವನು ಇಟಲಿಯ ಅಂಗರಚನಾ ತಜ್ಞ ಫಲೋಪಿಯೊ; 1561ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ಅವನಿಗಿಂತ ಮೊದಲು ಮಹಾಪಂಡಿತ ವೆಸೇಲಿಯಸ್ ಮನುಷ್ಯನ ಕಣ್ಣಿಗೆ ಗುಡ್ಡೆಯನ್ನು ಒಳಕ್ಕೆ ಎಳೆದುಕೊಳ್ಳುವ ಇನ್ನೊಂದು ಸ್ನಾಯುವನ್ನೂ ಸೇರಿಸಿದ್ದ. ಅದು ಇರುವುದು ಪ್ರಾಣಿಗಳಲ್ಲಿ. ಹಟ್ಟಿಯಲ್ಲಿ ಹಸುವಿನ ಕಣ್ಣ ಬಳಿ ಹುಲ್ಲಿನ ಕಡ್ಡಿ ತಾಗಿದಾಗ ಗುಡ್ಡೆ ಸರಕ್ಕನೆ ಒಳಸರಿದು ಮೂಗಿನ ಬದಿಯಿಂದ ಬಿಳಿಯ ಮೂರನೆಯ ರೆಪ್ಪೆ ಜಾರಿ ಬರುವುದನ್ನು ನೀವು ನೋಡಿರಬಹುದು. ಅದು ಆ ಸ್ನಾಯುವಿನ ಕೆಲಸ.

ಮೂರು ನರಗಳು ಬೇರೆಬೇರೆಯಾದರೂ ಕಣ್ಣುಗಳು ಜೊತೆಯಾಗಿ ಓಡುವುದು ಹೇಗೆ ಎಂಬುದನ್ನೂ ಹೇಳಿಬಿಡುತ್ತೇನೆ. ಎಡಕ್ಕೆ ನೋಡಬೇಕಾದರೆ ಎಡಗಣ್ಣನ್ನು ಆರನೆಯ ನರ ಹೊರಕ್ಕೆ ಎಳೆಯಬೇಕು, ಅದೇ ಕ್ಷಣಕ್ಕೆ ಬಲಗಣ್ಣನ್ನು ಮೂರನೆಯ ನರ ಒಳಕ್ಕೆ ಎಳೆಯಬೇಕು. ಎಡಬದಿಯ ಆರನೆಯ ನರದ ಕೇಂದ್ರದಲ್ಲಿ ಎರಡು ಬಗೆಯ ಕೋಶಗಳಿವೆ: ಕೆಲವು ತಮ್ಮದೇ ಸ್ನಾಯುವಿಗೆ ಹೋಗುತ್ತವೆ, ಉಳಿದವು ನಡುಗೆರೆ ದಾಟಿ ಮೇಲೇರಿ ಬಲಬದಿಯ ಮೂರನೆಯ ನರದ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತವೆ. ಒಂದೇ ಆಜ್ಞೆ, ಎರಡು ಪ್ರತಿ. ಈ ಏರುದಾರಿ ಕಡಿದರೆ ನರಗಳೆಲ್ಲ ಸರಿಯಿದ್ದರೂ ಒಂದು ಕಣ್ಣು ಪಕ್ಕಕ್ಕೆ ತಿರುಗುವಾಗ ಇನ್ನೊಂದು ಹಿಂದುಳಿಯುತ್ತದೆ.

ಓದುಗರಲ್ಲಿ ಬೇರೆ ಯಾರಿಗಾದರೂ ಎರಡೆರಡು ಕಾಣುತ್ತಿದ್ದರೆ ಒಂದು ಎಚ್ಚರಿಕೆ. ಮೂರನೆಯ ನರ ನಾಲ್ಕು ಸ್ನಾಯುಗಳ ಜೊತೆಗೆ ಮೇಲ್‌ರೆಪ್ಪೆಯನ್ನು ಎತ್ತುವ ಸ್ನಾಯುವನ್ನೂ ನಡೆಸುತ್ತದೆ, ಪಾಪೆಯನ್ನು ಕಿರಿದಾಗಿಸುವ ಎಳೆಗಳನ್ನೂ ತನ್ನ ಮೈಮೇಲೆ ಹೊತ್ತು ತರುತ್ತದೆ. ಆ ಎಳೆಗಳು ನರದ ಹೊರಮೈಯಲ್ಲಿರುವುದರಿಂದ, ಪಕ್ಕದ ರಕ್ತನಾಳ ಬಲೂನಿನಂತೆ ಉಬ್ಬಿ ಒತ್ತಿದರೆ ಅವೇ ಮೊದಲು ಸೋಲುತ್ತವೆ. ರೆಪ್ಪೆ ಜೋತುಬಿದ್ದು, ಪಾಪೆ ಹಿಗ್ಗಿ, ಜೊತೆಗೆ ತಲೆನೋವಿದ್ದರೆ ಆ ರಕ್ತನಾಳ ಒಡೆಯುವ ಅಪಾಯವಿರುತ್ತದೆ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮರುಪ್ರಶ್ನೆ: ಅಡಿಕೆತೋಟ

ಎಲ್ಲರಿಗೂ ಧನ್ಯವಾದ. ಮೇಡಂ ಹೇಳಿದಂತೆ ಅಡಿಕೆ ಕೊಯ್ಯುವ ದೋಟಿಯನ್ನು ಜಗಲಿಯ ಮುಂದೆ ನೆಲದ ಮೇಲೆ ಅಡ್ಡಲಾಗಿ ಇಟ್ಟು, ಅಪ್ಪನ ತಲೆಯನ್ನು ನಾನೇ ಎರಡು ಕೈಗಳಿಂದ ನೆಟ್ಟಗೆ ಹಿಡಿದು ತೋರಿಸಿದೆ. ಎರಡು ದೋಟಿಗಳು ಕಂಡವಂತೆ. ಮೇಲಿನದು ಸರಿಯಾಗಿ ಅಡ್ಡಲಾಗಿದೆ, ಕೆಳಗಿನದು ಓರೆಯಾಗಿದೆ, ಎರಡರ ತುದಿಗಳೂ ಬಲಗಡೆ ಹತ್ತಿರ ಬಂದು ಕೂಡುತ್ತವೆ ಎಂದು ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದರು. ತಲೆಯನ್ನು ಬಲಕ್ಕೆ ವಾಲಿಸಿದಾಗ ‘ಬೇಡ, ಬೇಡ, ಕೆಳಗಿನದು ಇನ್ನೂ ಕೆಳಗೆ ಹೋಯಿತು’ ಎಂದು ಕೈ ಬಿಡಿಸಿಕೊಂಡರು. ಎಡಕ್ಕೆ ವಾಲಿಸಿದ ಕೂಡಲೇ ಒಂದೇ ದೋಟಿ.

ಅವರ ಮದುವೆಯ ಫೋಟೋ ಮತ್ತು ಹೈಸ್ಕೂಲಿನ ಗುಂಪುಚಿತ್ರ ಸಿಕ್ಕಿದವು. ಎರಡರಲ್ಲಿಯೂ ತಲೆ ನೆಟ್ಟಗೇ ಇದೆ. ಕತ್ತು ನೀವಿಸುವುದನ್ನು ನಿಲ್ಲಿಸಿದ್ದೇವೆ. ಕನ್ನಡಕದಿಂದ ಇದನ್ನು ಸರಿಪಡಿಸಲು ಬರುವುದಿಲ್ಲವೇ?

ಉತ್ತರ: ನೇತ್ರವೈದ್ಯೆ

ನಿಮ್ಮ ವರದಿ ನಮ್ಮ ಕಿರಿಯ ವೈದ್ಯರ ಕೇಸ್ ಶೀಟ್‌ಗಿಂತ ಚೆನ್ನಾಗಿದೆ. ಬಲಗಣ್ಣು ತುಸು ಮೇಲೆದ್ದು ನಿಂತಿರುವುದರಿಂದ ಅದರ ಚಿತ್ರ ಕೆಳಗೆ ಕಾಣುತ್ತದೆ, ಗುಡ್ಡೆ ಹೊರಕ್ಕೆ ತಿರುಚಿಕೊಂಡಿರುವುದರಿಂದ ಆ ಚಿತ್ರ ಓರೆಯಾಗುತ್ತದೆ, ಎರಡು ಗೆರೆಗಳು ಕೂಡುವ ತುದಿ ಬಾಣದಂತೆ ಸೋತ ಕಣ್ಣಿನ ಬದಿಯನ್ನೇ ತೋರಿಸುತ್ತದೆ. ಹಳೆಯ ಫೋಟೋದಲ್ಲಿ ತಲೆ ವಾಲಿಲ್ಲ, ಈಗ ಚಿತ್ರ ಓರೆಯಾಗಿಯೂ ಕಾಣುತ್ತಿದೆ. ಎರಡೂ ಇದು ಹುಟ್ಟಿನಿಂದ ಬಂದದ್ದಲ್ಲ, ಬಿದ್ದ ಮೇಲೆ ಬಂದದ್ದು ಎಂಬ ಕಡೆಗೇ ವಾಲುತ್ತವೆ. ಎಡಕ್ಕೆ ವಾಲಿಸಿದಾಗ ಒಂದಾಗುವುದನ್ನು ನೋಡಿದರೆ ಎಡಗಣ್ಣಿನ ನರ ಪಾರಾಗಿರುವಂತಿದೆ, ಆದರೂ ಮೇಷ್ಟ್ರು ಹೇಳಿದ ಅನುಮಾನವನ್ನು ಮುಂದಿನ ಭೇಟಿಯಲ್ಲಿ ನಿಮ್ಮ ವೈದ್ಯರ ಮುಂದಿಡಿ.

ಪ್ರಿಸಂ ಗಾಜಿನ ಕನ್ನಡಕ ಚಿತ್ರವನ್ನು ಮೇಲಕ್ಕೋ ಕೆಳಕ್ಕೋ ಸರಿಸಬಲ್ಲದು, ತಿರುಗಿಸಲಾರದು. ಓರೆತನ ಕಡಿಮೆಯಿದ್ದರೆ ಅದರಿಂದ ಉಪಯೋಗವಾಗುತ್ತದೆ, ಹೆಚ್ಚಿದ್ದರೆ ಕೆಳಗಿನ ದೋಟಿ ಮೇಲಿನದರ ಮೇಲೆ ಬಂದು ಕತ್ತರಿಯಂತೆ ಕೂರುತ್ತದೆ, ಅಷ್ಟೆ. ಪೆಟ್ಟಿನಿಂದ ಸೋತ ನರ ತಿಂಗಳುಗಳ ಮೇಲೆ ಚೇತರಿಸಿಕೊಳ್ಳುವುದುಂಟು, ಆದ್ದರಿಂದ ಅಳತೆ ಬದಲಾಗುತ್ತಿರುವವರೆಗೆ, ಸಾಮಾನ್ಯವಾಗಿ ಆರು ತಿಂಗಳಾದರೂ, ಶಸ್ತ್ರಚಿಕಿತ್ಸೆಯ ಮಾತೆತ್ತುವುದಿಲ್ಲ. ಆಮೇಲೂ ಕೊರತೆ ಉಳಿದರೆ, ಸೋತ ಸ್ನಾಯುವಿಗೆ ಎದುರಾಳಿಯಾದ ಕೆಳಗಿನ ಓರೆ ಸ್ನಾಯುವನ್ನು ಸಡಿಲಿಸುವುದು ಒಂದು ದಾರಿ. ಓರೆತನವೇ ಮುಖ್ಯ ತೊಂದರೆಯಾಗಿದ್ದರೆ ಮೇಲಿನ ಓರೆ ಸ್ನಾಯುವಿನ ಮುಂದಿನ ಎಳೆಗಳನ್ನಷ್ಟೇ ಬಿಗಿಗೊಳಿಸುವ ಹರಾಡಾ-ಇಟೊ ವಿಧಾನ ಇನ್ನೊಂದು. ಅಲ್ಲಿಯವರೆಗೆ ಪತ್ರಿಕೆಯನ್ನು ತೊಡೆಯ ಮೇಲೆ ಇಡದೆ ಕಣ್ಣಿನ ಎತ್ತರಕ್ಕೆ ಹಿಡಿದು ಓದಲಿ, ಅಟ್ಟದಿಂದ ಇಳಿಯುವಾಗ ಗದ್ದವನ್ನು ಎದೆಯ ಕಡೆಗೆ ತಗ್ಗಿಸಿ, ಒಂದು ಕಣ್ಣು ಮುಚ್ಚಿ, ಕೈಯನ್ನು ಗೋಡೆಗೆ ಕೊಟ್ಟು ಇಳಿಯಲಿ.